ಒಂದೇ ಊರು, ಎರಡು ಅಳತೆಗೋಲು

ಸಿಂದಗಿ ತಾಲ್ಲೂಕಿನ ಮೋರಟಗಿಯ ಮತದಾರರು ಶಾಸಕರನ್ನು ಆರಿಸುವಾಗ ಸಿಂದಗಿ ಕ್ಷೇತ್ರದವರು. ಲೋಕಸಭೆಗೆ ಮತ ನೀಡುವಾಗ ಬಿಜಾಪುರ ಕ್ಷೇತ್ರದವರು. ಜಿಲ್ಲೆಯು 2014ರಲ್ಲಿ ವಿಜಯಪುರವೆಂಬ ಹೆಸರನ್ನು ತಳೆದರೂ ಲೋಕಸಭಾ ಕ್ಷೇತ್ರವು ಹಳೆಯ ಹೆಸರನ್ನೇ ಉಳಿಸಿಕೊಂಡಿದೆ. ಆದರೆ ಹೆಸರು ಉಳಿಯಿತೆಂದ ಮಾತ್ರಕ್ಕೆ ಎಲ್ಲೆಯೂ ಉಳಿಯಿತೆಂದಲ್ಲ.

1952ರ ಪ್ರಥಮ ಮಹಾಚುನಾವಣೆಯ ಕಾಲಕ್ಕೆ ಈ ಪ್ರದೇಶವು ಮುಂಬಯಿ ರಾಜ್ಯಕ್ಕೆ ಸೇರಿತ್ತು. ಆಗ ಬಿಜಾಪುರ ಉತ್ತರ, ಬಿಜಾಪುರ ದಕ್ಷಿಣ ಎಂಬ ಎರಡು ಕ್ಷೇತ್ರಗಳಿದ್ದವು. 1957ರಲ್ಲಿ ಉತ್ತರ ಕ್ಷೇತ್ರವು ಪಕ್ಷೇತರರಾದ ಸುಗಂಧಿಯವರನ್ನೂ, 1967ರಲ್ಲಿ ಬಿಜಾಪುರವು ಸ್ವತಂತ್ರ ಪಕ್ಷದ ಜಿ. ಡಿ. ಪಾಟೀಲರನ್ನೂ ದೆಹಲಿಗೆ ಕಳುಹಿಸಿದವು. ಕಾಂಗ್ರೆಸ್ಸಿನ ಪ್ರಾಬಲ್ಯದ ದಿನಗಳಲ್ಲಿಯೂ ಇಲ್ಲಿಯ ಜನ ಕಣ್ಣು ಮುಚ್ಚಿ ಮತ ನೀಡಿದವರಲ್ಲ.

2008ರ ಕ್ಷೇತ್ರ ಪುನರ್ವಿಂಗಡಣೆಯು ದೊಡ್ಡ ಪಲ್ಲಟವನ್ನುಂಟುಮಾಡಿತು. ವಿಧಾನಸಭೆಯ ಹೂವಿನ ಹಿಪ್ಪರಗಿ, ತಿಕೋಟಾ, ಬಳ್ಳೊಳ್ಳಿ ಕ್ಷೇತ್ರಗಳು ಮರೆಯಾಗಿ ದೇವರ ಹಿಪ್ಪರಗಿ, ಬಬಲೇಶ್ವರ, ನಾಗಠಾಣ ಕ್ಷೇತ್ರಗಳು ಉದಯಿಸಿದವು. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಚಿಕ್ಕೋಡಿ ಲೋಕಸಭಾ ಕ್ಷೇತ್ರವು ಸಾಮಾನ್ಯವಾಯಿತು. ಸಾಮಾನ್ಯವಾಗಿದ್ದ ಬಿಜಾಪುರವು ಮೀಸಲಾಯಿತು. ಮೀಸಲೆಂದರೆ ಅಭ್ಯರ್ಥಿಗಷ್ಟೇ ಹೊರತು ಮತದಾರರಿಗಲ್ಲ. ಮತವನ್ನು ಎಲ್ಲ ಜಾತಿಯವರೂ ಚಲಾಯಿಸುತ್ತಾರೆ. ಚಿಕ್ಕೋಡಿಯಿಂದ 1998, 1999, 2004ರಲ್ಲಿ ಗೆದ್ದಿದ್ದ ರಮೇಶ ಜಿಗಜಿಣಗಿಯವರು ಬಿಜಾಪುರಕ್ಕೆ ಬಂದು, 2009ರಿಂದ 2024ರವರೆಗೆ ನಾಲ್ಕು ಬಾರಿಯೂ ಭಾರತೀಯ ಜನತಾ ಪಕ್ಷದಿಂದ ಜಯಗಳಿಸಿದರು. ನಕ್ಷೆಯ ಮೇಲಿನ ಒಂದು ಗೆರೆ ಎರಡು ಜಿಲ್ಲೆಗಳ ರಾಜಕೀಯವನ್ನು ತಿರುಗಿಸಿಬಿಟ್ಟಿತು.

ಹಾಗಾದರೆ ಇಲ್ಲಿಯ ಮತ ಒಂದು ಪಕ್ಷದ ಸ್ವತ್ತಾಯಿತೇ? ಸಿಂದಗಿಯನ್ನು ನೋಡಿದರೆ ಹಾಗೆನ್ನುವಂತಿಲ್ಲ. 2018ರಲ್ಲಿ ಜನತಾದಳದ ಎಂ. ಸಿ. ಮನಗೂಳಿಯವರು ಗೆದ್ದರು. ಅವರ ನಿಧನಾನಂತರ 2021ರ ಉಪಚುನಾವಣೆಯಲ್ಲಿ ಬಿಜೆಪಿಯ ರಮೇಶ ಭೂಸನೂರರು 31 ಸಾವಿರಕ್ಕೂ ಮಿಕ್ಕ ಅಂತರದಿಂದ ಗೆದ್ದರು. ಅಂದು ಸೋತ ಮನಗೂಳಿಯವರ ಪುತ್ರ, ಕಾಂಗ್ರೆಸ್ಸಿನ ಅಶೋಕರು, 2023ರಲ್ಲಿ ವಿಜಯಿಯಾದರು. ಐದೇ ವರ್ಷಗಳಲ್ಲಿ ಮೂರು ಪಕ್ಷ!

2023ರಲ್ಲಿ ಬಿಜಾಪುರ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಸ್ಥಾನಗಳಲ್ಲಿ ಆರು ಕಾಂಗ್ರೆಸ್ಸಿಗೆ ಒಲಿದವು. ಮರುವರ್ಷವೇ ಅದೇ ಮತದಾರರು ಬಿಜೆಪಿಯ ಸಂಸದರನ್ನು ಆರಿಸಿದರು. ಆದರೆ 2019ರಲ್ಲಿ ಸುಮಾರು 2,58,000ದಷ್ಟಿದ್ದ ಅಂತರವು 77,000ದಷ್ಟಕ್ಕೆ ಇಳಿಯಿತು. ಬೆಂಗಳೂರಿಗೆ ಒಂದು ಅಳತೆಗೋಲು, ದೆಹಲಿಗೆ ಮತ್ತೊಂದು. ಅದರಲ್ಲಿಯೂ ಒಂದು ಎಚ್ಚರಿಕೆಯ ಮಾತು.

ಎಲ್ಲೆಯನ್ನು ಎಳೆಯುವುದು ಆಯೋಗದ ಕೆಲಸ. ಯಾರು ಸ್ಪರ್ಧಿಸಬಹುದು, ಯಾರ ಮತದೊಡನೆ ಯಾರ ಮತ ಎಣಿಕೆಯಾಗಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಆದುದರಿಂದ ಪುನರ್ವಿಂಗಡಣೆಯ ಕರಡು ಪ್ರಕಟವಾದಾಗ ಅದನ್ನು ಓದಬೇಕಾದವರು ರಾಜಕಾರಣಿಗಳು ಮಾತ್ರವಲ್ಲ. ಮೋರಟಗಿಯಂಥ ಊರಿನ ಪ್ರತಿಯೊಂದು ಮನೆಯವರೂ ಓದತಕ್ಕದ್ದು. ಗೆರೆಯೊಳಗೆ ಯಾರನ್ನು ಆರಿಸಬೇಕೆಂಬುದು ಮಾತ್ರ ಅವರ ಕೈಯಲ್ಲೇ ಇದೆ.