ಟ್ರೌಟ್ ಮೀನು ಮರಳಿ ಬಂದ ನದಿ

ಮಕ್ಕಳೇ, ಕೆರೆಯ ದಂಡೆಯಲ್ಲಿ ಗಾಳ ಹಾಕಿ ಕುಳಿತವರನ್ನು ನೀವು ನೋಡಿರಬಹುದು. ಅವರು ಕೊಕ್ಕೆಗೆ ಎರೆಹುಳುವನ್ನೋ ಹಿಟ್ಟಿನ ಉಂಡೆಯನ್ನೋ ಸಿಕ್ಕಿಸಿ ನೀರಿಗೆ ಬಿಡುತ್ತಾರೆ. ಮೀನು ಬಂದು ಕಚ್ಚುವವರೆಗೆ ಕಾಯುತ್ತಾರೆ. ಆದರೆ ಎರೆಹುಳುವೂ ಇಲ್ಲದೆ, ಹಿಟ್ಟೂ ಇಲ್ಲದೆ, ಬರೀ ಹಕ್ಕಿಯ ಪುಕ್ಕ ಕಟ್ಟಿದ ಕೊಕ್ಕೆಯಿಂದ ಮೀನು ಹಿಡಿಯಬಹುದೆ?

ಹಿಡಿಯಬಹುದು. ಇಂಗ್ಲೆಂಡಿನ ರಾಜಧಾನಿ ಲಂಡನ್ ನಗರದ ದಕ್ಷಿಣ ಭಾಗದಲ್ಲಿ ವಾಂಡಲ್ ಎಂಬ ಪುಟ್ಟ ನದಿಯಿದೆ. ಅದರ ಉದ್ದ ಸುಮಾರು 14 ಕಿಲೋಮೀಟರ್ ಮಾತ್ರ. ಮನೆ, ಅಂಗಡಿ, ರಸ್ತೆ, ರೈಲು ಹಳಿಗಳ ನಡುವೆ ಹರಿದು ಅದು ಥೇಮ್ಸ್ ನದಿಯನ್ನು ಸೇರುತ್ತದೆ. ಈ ನದಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಪುಕ್ಕದಿಂದ ಮಾಡಿದ ನೊಣವನ್ನು ಎಸೆದು ಟ್ರೌಟ್ ಮೀನು ಹಿಡಿಯುವವರಿದ್ದಾರೆ. ಇದು ಸೋಜಿಗದ ಸಂಗತಿ. ಏಕೆಂದರೆ ಕೆಲವು ದಶಕಗಳ ಹಿಂದೆ ಈ ನದಿಯಲ್ಲಿ ಟ್ರೌಟ್ ಇರಲೇ ಇಲ್ಲ. ಅದು ಮರಳಿ ಬಂದದ್ದು ಹೇಗೆ? ತಿಳಿಯೋಣ ಬನ್ನಿ.

ಪುಕ್ಕದ ನೊಣ

ಈ ಬಗೆಯ ಮೀನುಗಾರಿಕೆಗೆ ಫ್ಲೈ ಫಿಶಿಂಗ್ ಎಂದು ಹೆಸರು. ಫ್ಲೈ ಎಂದರೆ ನೊಣ. ಪುಟ್ಟ ಕೊಕ್ಕೆಗೆ ಪುಕ್ಕ, ಪ್ರಾಣಿಗಳ ರೋಮ ಮತ್ತು ನೂಲನ್ನು ಸುತ್ತಿ, ನೋಡಿದರೆ ನೊಣದಂತೆಯೇ ಕಾಣುವ ಹಾಗೆ ಕಟ್ಟುತ್ತಾರೆ. ಕೆಲವು ನೊಣಗಳು ನಿಮ್ಮ ಕಿರುಬೆರಳಿನ ಉಗುರಿಗಿಂತ ಚಿಕ್ಕವು. ನೀರಿನ ಮೇಲ್ಮೈ ಎಳೆತದ ಬಲದಿಂದ ಇಂಥ ಹಗುರವಾದ ನೊಣ ಮುಳುಗದೆ ನೀರಿನ ಮೇಲೆ ತೇಲುತ್ತದೆ. ಹೊಳೆಯ ಮೇಲೆ ಓಡಾಡುವ ಉದ್ದ ಕಾಲಿನ ಕೀಟಗಳು ಮುಳುಗದಿರುವುದಕ್ಕೂ ಇದೇ ಕಾರಣ. ತೇಲುವ ನೊಣದಿಂದ ಮೀನು ಹಿಡಿಯುವ ಕಲೆಗೆ ಹೆಸರಾದ ಫ್ರೆಡರಿಕ್ ಹ್ಯಾಲ್‌ಫೋರ್ಡ್ 19ನೆಯ ಶತಮಾನದಲ್ಲಿ ವಾಂಡಲ್ ನದಿಯಲ್ಲಿಯೂ ಗಾಳ ಹಾಕಿದ್ದರು. 1886ರಲ್ಲಿ ಅವರು ಇಂಥ ನೊಣಗಳನ್ನು ಕಟ್ಟುವ ಬಗೆಯನ್ನು ಕುರಿತು ಪುಸ್ತಕವನ್ನೇ ಪ್ರಕಟಿಸಿದರು.

ಇಲ್ಲೊಂದು ಸಮಸ್ಯೆ ಇದೆ. ಒಂದು ಕಲ್ಲನ್ನು ಎಸೆಯಿರಿ, ದೂರ ಹೋಗುತ್ತದೆ. ಅಷ್ಟೇ ಜೋರಾಗಿ ಹತ್ತಿಯ ತುಣುಕನ್ನು ಎಸೆಯಿರಿ, ನಿಮ್ಮ ಕಾಲ ಬಳಿಯೇ ಬೀಳುತ್ತದೆ. ಹಗುರವಾದ ವಸ್ತುವಿನ ವೇಗವನ್ನು ಗಾಳಿ ಬಹುಬೇಗ ತಡೆಯುತ್ತದೆ. ಹಾಗಾದರೆ ತೂಕವೇ ಇಲ್ಲದಂತಿರುವ ಪುಕ್ಕದ ನೊಣವನ್ನು ಹತ್ತು ಮೀಟರ್ ಆಚೆಗೆ ಎಸೆಯುವುದು ಹೇಗೆ?

ಉಪಾಯ ಸರಳ. ನಮ್ಮ ಗಾಳದಲ್ಲಿ ದಾರ ಹಗುರ, ತುದಿಗೆ ಕಟ್ಟಿದ ಸೀಸದ ತುಂಡು ಭಾರ. ಫ್ಲೈ ಫಿಶಿಂಗ್‌ನಲ್ಲಿ ಇದು ತಿರುವುಮುರುವು. ಇಲ್ಲಿ ದಾರವೇ ದಪ್ಪ, ದಾರವೇ ಭಾರ. ಗಾಳದ ಕೋಲನ್ನು ಹಿಂದಕ್ಕೆ ಬೀಸಿದಾಗ ಭಾರವಾದ ದಾರ ಹಿಂದೆ ಚಾಚಿಕೊಂಡು ಕೋಲನ್ನು ಬಾಗಿಸುತ್ತದೆ. ಬಾಗಿದ ಕೋಲಿನಲ್ಲಿ ಶಕ್ತಿ ಸಂಗ್ರಹವಾಗುತ್ತದೆ. ಮುಂದಕ್ಕೆ ಬೀಸಿದಾಗ ಕೋಲು ನೆಟ್ಟಗಾಗಿ ಆ ಶಕ್ತಿಯನ್ನು ದಾರಕ್ಕೆ ಕೊಡುತ್ತದೆ. ಬಾರುಕೋಲಿನ ಹುರಿಯಂತೆ ದಾರ ಸುರುಳಿ ಬಿಚ್ಚುತ್ತ ಮುಂದೆ ಸಾಗಿ, ತುದಿಯಲ್ಲಿರುವ ನೊಣವನ್ನು ಮೆಲ್ಲಗೆ ನೀರಿನ ಮೇಲೆ ಇಳಿಸುತ್ತದೆ. ನೊಣದ ಬಳಿ ಮಾತ್ರ ಮೀನಿಗೆ ಕಾಣದಷ್ಟು ತೆಳುವಾದ ಎಳೆ ಇರುತ್ತದೆ.

ಟ್ರೌಟ್ ಸದಾ ಪ್ರವಾಹಕ್ಕೆ ಎದುರಾಗಿ ನಿಂತಿರುತ್ತದೆ, ಏಕೆಂದರೆ ಆಹಾರ ತೇಲಿ ಬರುವುದು ಆ ಕಡೆಯಿಂದ. ಆದ್ದರಿಂದ ಮೀನು ಹಿಡಿಯುವವರು ಅದರ ಹಿಂದಿನಿಂದ, ಸದ್ದಿಲ್ಲದೆ ಬರುತ್ತಾರೆ.

ನೀರಿನಲ್ಲಿ ಬಾಲ್ಯ, ಗಾಳಿಯಲ್ಲಿ ಒಂದೆರಡು ದಿನ

ಎಂಥ ನೊಣವನ್ನು ಕಟ್ಟಬೇಕು? ಆ ಹೊತ್ತಿನಲ್ಲಿ ಮೀನು ಯಾವ ಕೀಟವನ್ನು ತಿನ್ನುತ್ತಿದೆಯೋ ಅಂಥದನ್ನೇ ಕಟ್ಟಬೇಕು. ಆದ್ದರಿಂದ ಗಾಳ ಹಾಕುವವರಿಗೆ ಮೀನಿಗಿಂತ ಮೊದಲು ಕೀಟಗಳ ಪರಿಚಯ ಇರಬೇಕು.

ಟ್ರೌಟ್‌ಗೆ ಪ್ರಿಯವಾದ ಕೀಟಗಳಲ್ಲಿ ಮೇ ಫ್ಲೈ ಮುಖ್ಯವಾದುದು. ಹೆಸರಿನಲ್ಲಿ ಫ್ಲೈ ಇದ್ದರೂ ಇದು ನಮ್ಮ ಮನೆಯ ನೊಣದ ಜಾತಿಯಲ್ಲ. ಮನೆಯ ನೊಣಕ್ಕೆ ಎರಡು ರೆಕ್ಕೆ; ಹೆಚ್ಚಿನ ಮೇ ಫ್ಲೈಗಳಿಗೆ ನಾಲ್ಕು. ಬಾಲದ ಕಡೆ ಎರಡು ಅಥವಾ ಮೂರು ಉದ್ದನೆಯ ಎಳೆಗಳಿರುತ್ತವೆ. ಇದರ ಮರಿಗಳು ತಿಂಗಳುಗಟ್ಟಲೆ, ಕೆಲವು ಒಂದು ವರ್ಷಕ್ಕೂ ಮೀರಿ, ನೀರಿನಲ್ಲಿ ಬೆಳೆಯುತ್ತವೆ. ಹೊಟ್ಟೆಯ ಎರಡೂ ಬದಿಯಲ್ಲಿರುವ ಕಿವಿರುಗಳ ಮೂಲಕ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರುತ್ತವೆ. ಬೆಳೆದ ಮೇಲೆ ನೀರಿನಿಂದ ಮೇಲೆ ಬಂದು, ಪೊರೆ ಕಳಚಿ, ರೆಕ್ಕೆ ಬಿಚ್ಚಿ ಹಾರುತ್ತವೆ. ಬೆಳೆದ ಕೀಟ ಏನನ್ನೂ ತಿನ್ನುವುದಿಲ್ಲ. ಜೊತೆಗೂಡಿ, ಮೊಟ್ಟೆಯಿಟ್ಟು, ಹೆಚ್ಚೆಂದರೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಅದು ಮೇಲೆ ಬರುವ ಹೊತ್ತಿಗೆ ಟ್ರೌಟ್‌ಗಳಿಗೆ ಹಬ್ಬದೂಟ.

ನದಿ ಕೊಳಕಾದರೆ ಈ ಮರಿಗಳು ಉಸಿರುಗಟ್ಟಿ ಸಾಯುತ್ತವೆ. ಕೀಟವಿಲ್ಲದಿದ್ದರೆ ಮೀನಿಗೆ ಊಟವಿಲ್ಲ.

ತಂಪು ನೀರಿನ ಮೀನು

ಟ್ರೌಟ್‌ಗೆ ತಂಪಾದ, ಆಮ್ಲಜನಕ ತುಂಬಿದ ನೀರೇ ಬೇಕು. ತಂಪು ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ. 10 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. 30 ಡಿಗ್ರಿಯಲ್ಲಿ ಅದು ಸುಮಾರು ಏಳೂವರೆ ಮಿಲಿಗ್ರಾಂಗೆ ಇಳಿಯುತ್ತದೆ. ಆ ನೀರಿಗೆ ಚರಂಡಿಯ ಕೊಳೆ ಸೇರಿದರೆ, ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳು ಇರುವ ಆಮ್ಲಜನಕವನ್ನೂ ಬಳಸಿಬಿಡುತ್ತವೆ.

ವಾಂಡಲ್ ನದಿಯ ನೀರು ಚಾಕ್ ಎಂಬ ಮೆತ್ತನೆಯ ಬಿಳಿ ಸುಣ್ಣಕಲ್ಲಿನ ಒಳಗಿನಿಂದ ಬುಗ್ಗೆಗಳಾಗಿ ಹೊರಬರುತ್ತದೆ. ನೀವು ಹೇಳುವ ಚಾಕ್‌ಪೀಸ್ ಎಂಬ ಪದದಲ್ಲಿರುವ ಚಾಕ್ ಇದೇ. ಮಳೆನೀರು ಈ ಕಲ್ಲಿನಲ್ಲಿ ಇಂಗಿ, ಸೋಸಿ, ವರ್ಷವಿಡೀ ಹೆಚ್ಚುಕಡಿಮೆ 10 ಡಿಗ್ರಿ ಉಷ್ಣತೆಯಲ್ಲಿ ತಿಳಿಯಾಗಿ ಹೊರಬರುತ್ತದೆ. ಟ್ರೌಟ್‌ಗೆ ಇದಕ್ಕಿಂತ ಒಳ್ಳೆಯ ಮನೆ ಬೇಕೆ?

ದುಡಿದು ದಣಿದ ನದಿ

ಆದರೆ ಮನುಷ್ಯರಿಗೂ ಈ ನದಿ ಬೇಕಾಯಿತು. ರಭಸವಾಗಿ ಹರಿಯುವ ನೀರು ಗಿರಣಿಯ ಚಕ್ರಗಳನ್ನು ತಿರುಗಿಸಿತು. ಕಾಗದ, ನಶ್ಯ, ಸಿಡಿಮದ್ದು, ಚರ್ಮ, ಬಟ್ಟೆ – ಹೀಗೆ ನಾನಾ ವಸ್ತುಗಳ ಗಿರಣಿಗಳು ದಡದಲ್ಲಿ ಎದ್ದವು. ಹೆಸರಾಂತ ಕಲಾವಿದ ವಿಲಿಯಂ ಮಾರಿಸ್ 1881ರಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯನ್ನು ಇದೇ ನದಿಯ ದಡಕ್ಕೆ ತಂದರು. ಊರು ಬೆಳೆಯಿತು, ಚರಂಡಿಗಳೂ ನದಿಗೆ ಬಂದವು. ಕಾರ್ಖಾನೆಯಲ್ಲಿ ಅಂದು ಯಾವ ಬಣ್ಣವೋ ನದಿಗೂ ಅದೇ ಬಣ್ಣ ಎಂದು ಹಳಬರು ನೆನೆಯುತ್ತಾರೆ. 20ನೆಯ ಶತಮಾನದ ಮೊದಲರ್ಧದಲ್ಲಿಯೇ ಟ್ರೌಟ್ ಕಾಣೆಯಾಯಿತು. 1960ರ ದಶಕದ ಹೊತ್ತಿಗೆ ವಾಂಡಲ್ ಒಂದು ತೆರೆದ ಚರಂಡಿ ಎನಿಸಿಕೊಂಡಿತು.

ಮುಂದಿನ ದಶಕಗಳಲ್ಲಿ ಹಲವು ಕಾರ್ಖಾನೆಗಳು ಮುಚ್ಚಿದವು. ಚರಂಡಿ ನೀರನ್ನು ಶುದ್ಧೀಕರಿಸುವ ವಿಧಾನಗಳೂ ಸುಧಾರಿಸಿದವು. ನದಿಯ ಸುತ್ತಲಿನ ಜನ ರಜಾದಿನಗಳಲ್ಲಿ ನೀರಿಗಿಳಿದು ಟೈರು, ಮುರಿದ ಸೈಕಲ್, ಅಂಗಡಿಯ ತಳ್ಳುಗಾಡಿಗಳನ್ನು ಎಳೆದು ಹಾಕತೊಡಗಿದರು.

ತರಗತಿಯಲ್ಲಿ ಮೀನಿನ ಮರಿಗಳು

ಈ ಕೆಲಸಕ್ಕೆ ನಿಮ್ಮಂಥ ಶಾಲಾ ಮಕ್ಕಳೂ ಕೈ ಜೋಡಿಸಿದರು. 2000ದ ನಂತರದ ವರ್ಷಗಳಲ್ಲಿ ಅಲ್ಲಿನ ಶಾಲೆಗಳಿಗೆ ಟ್ರೌಟ್ ಮೊಟ್ಟೆಗಳನ್ನು ಕೊಡಲಾಯಿತು. ತರಗತಿಯ ಮೂಲೆಯಲ್ಲಿ ಗಾಜಿನ ತೊಟ್ಟಿ, ತಳದಲ್ಲಿ ಬೆಣಚುಕಲ್ಲು, ನೀರನ್ನು ತಂಪಾಗಿಡುವ ಒಂದು ಯಂತ್ರ – ಇಷ್ಟೇ ಏರ್ಪಾಡು. ಮೊಟ್ಟೆಯೊಳಗೆ ಮರಿಯ ಕಣ್ಣುಗಳು ಎರಡು ಕಪ್ಪು ಚುಕ್ಕೆಗಳಂತೆ ಕಾಣುತ್ತವೆ. ಮೊಟ್ಟೆಯೊಡೆದು ಬಂದ ಮರಿಯ ಹೊಟ್ಟೆಗೆ ಭಂಡಾರದ ಚೀಲವೊಂದು ಅಂಟಿರುತ್ತದೆ. ಮೊದಲ ಕೆಲವು ವಾರ ಅದೇ ಅದರ ಬುತ್ತಿ. ಮಕ್ಕಳು ದಿನವೂ ನೀರಿನ ಉಷ್ಣತೆಯನ್ನು ಅಳೆದು ಬರೆದಿಟ್ಟರು. ಮರಿಗಳು ಈಜಿ ತಿನ್ನತೊಡಗಿದ ಮೇಲೆ ಅವುಗಳನ್ನು ನದಿಗೆ ಒಯ್ದು ಬಿಟ್ಟರು.

2007ರ ಸೆಪ್ಟೆಂಬರ್ ತಿಂಗಳಿನಲ್ಲಿ ಒಂದು ಅನಾಹುತ ನಡೆಯಿತು. ಚರಂಡಿ ನೀರು ಶುದ್ಧೀಕರಿಸುವ ಘಟಕವೊಂದರಲ್ಲಿ ಸೋಸುವ ಸಾಧನವನ್ನು ತೊಳೆಯಲು ಬಳಸಿದ ಕ್ಲೋರಿನ್ ದ್ರಾವಣ ನದಿಗೆ ಹರಿಯಿತು. ನಾವು ಕುಡಿಯುವ ನೀರಿಗೆ ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುವುದೂ ಕ್ಲೋರಿನ್ನೇ. ಆದರೆ ಮೀನಿನ ನವಿರಾದ ಕಿವಿರುಗಳಿಗೆ ಅದು ವಿಷ. ಕೆಲವೇ ಗಂಟೆಗಳಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಹಲವು ವರ್ಷಗಳ ಶ್ರಮ ಒಂದೇ ದಿನದಲ್ಲಿ ಹಾಳಾಯಿತು.

ಆದರೂ ಅಲ್ಲಿನ ಜನ ಕೈ ಚೆಲ್ಲಲಿಲ್ಲ. ಕೆಲವೆಡೆ ಹಳೆಯ ಗಿರಣಿಗಳ ಅಡ್ಡಗಟ್ಟೆಗಳನ್ನು ತೆಗೆದರು. ಕೆಲವೆಡೆ ಮೀನು ಹತ್ತಿಹೋಗಲು ಮೆಟ್ಟಿಲಿನಂಥ ದಾರಿ ಮಾಡಿದರು. ತಾಯಿ ಟ್ರೌಟ್ ಬಾಲದಿಂದ ಬೆಣಚುಕಲ್ಲುಗಳಲ್ಲಿ ಗುಳಿ ತೋಡಿ ಮೊಟ್ಟೆಯಿಡುತ್ತದೆ. ಕಲ್ಲುಗಳ ಸಂದಿನಲ್ಲಿ ನೀರು ಹರಿದರೆ ಮಾತ್ರ ಮೊಟ್ಟೆಗಳು ಉಸಿರಾಡುತ್ತವೆ. ಹೂಳು ಮುಚ್ಚಿದರೆ ಸಾಯುತ್ತವೆ. ಅದಕ್ಕಾಗಿ ನದಿಯ ತಳಕ್ಕೆ ಹೊಸ ಬೆಣಚುಕಲ್ಲು ಹಾಸಿದರು. ಈಗ ವಾಂಡಲ್‌ನಲ್ಲಿ ಟ್ರೌಟ್‌ಗಳು ತಾವಾಗಿಯೇ ಮರಿ ಮಾಡುತ್ತಿವೆ. ಅವು ಇನ್ನೂ ಕಡಿಮೆ ಇರುವುದರಿಂದ, ಹಿಡಿದವರು ಕೈ ಒದ್ದೆ ಮಾಡಿಕೊಂಡು, ಮೀನಿನ ಮೈಮೇಲಿನ ಲೋಳೆ ಹೋಗದಂತೆ ಕೊಕ್ಕೆ ಬಿಡಿಸಿ, ಮರಳಿ ನೀರಿಗೆ ಬಿಡುತ್ತಾರೆ.

ಕಲ್ಲಿನ ಅಡಿಯ ಸಾಕ್ಷಿಗಳು

ಅಪಾಯ ಪೂರ್ತಿ ದೂರವಾಗಿಲ್ಲ. ಜೋರು ಮಳೆ ಬಂದಾಗ ರಸ್ತೆಯ ಎಣ್ಣೆ, ಟೈರಿನ ಪುಡಿ ಇಂದಿಗೂ ನದಿಗೆ ಸೇರುತ್ತವೆ. ಅದಕ್ಕೆ ಕಾವಲು ಕಾಯುವವರೂ ಇದ್ದಾರೆ. ಇಂಗ್ಲೆಂಡಿನ ಹಲವು ನದಿಗಳಂತೆ ಇಲ್ಲಿಯೂ ಸ್ವಯಂಸೇವಕರು ಆಗಾಗ ನದಿಗಿಳಿದು, ಮೂರು ನಿಮಿಷ ತಳವನ್ನು ಕಾಲಿನಿಂದ ಕದಡಿ, ಎದ್ದ ಜೀವಿಗಳನ್ನು ಬಲೆಯಲ್ಲಿ ಹಿಡಿದು ಎಣಿಸುತ್ತಾರೆ. ಮೇ ಫ್ಲೈ ಮರಿ, ಮರಳಿನ ಕಣಗಳಿಂದ ಗೂಡು ಕಟ್ಟಿಕೊಳ್ಳುವ ಕ್ಯಾಡಿಸ್ ಹುಳು, ಸಿಹಿನೀರಿನ ಸಿಗಡಿ – ಇಂಥ ಎಂಟು ಗುಂಪುಗಳ ಲೆಕ್ಕವಿಡುತ್ತಾರೆ. ಲೆಕ್ಕ ಒಮ್ಮೆಲೇ ಇಳಿದರೆ ನೀರಿಗೆ ಏನೋ ಸೇರಿದೆ ಎಂದರ್ಥ. ಕೂಡಲೇ ಅಧಿಕಾರಿಗಳಿಗೆ ತಿಳಿಸುತ್ತಾರೆ. ನೀರಿನ ಪರೀಕ್ಷೆ ಆ ಕ್ಷಣದ ಸ್ಥಿತಿಯನ್ನು ಹೇಳುತ್ತದೆ. ಈ ಕೀಟಗಳಾದರೋ ಕಳೆದ ಹಲವು ವಾರಗಳ ಕಥೆಯನ್ನು ಹೇಳುತ್ತವೆ.

ನೀವೂ ನೋಡಿ

ಟ್ರೌಟ್ ನಮ್ಮ ನಾಡಿನ ಮೀನಲ್ಲ. ಬ್ರಿಟಿಷರು ನೀಲಗಿರಿಯ ತಂಪು ಹೊಳೆಗಳಿಗೆ ಅದನ್ನು ತಂದು ಬಿಟ್ಟರು, ಅಷ್ಟೆ. ಆದರೆ ಮೇ ಫ್ಲೈ ಮತ್ತು ಕ್ಯಾಡಿಸ್ ನಮ್ಮ ಮಲೆನಾಡಿನ ಹಳ್ಳಗಳಲ್ಲಿಯೂ ಇವೆ. ಬೆಂಗಳೂರಿನ ವೃಷಭಾವತಿಯೂ ವಾಂಡಲ್‌ನಂತೆಯೇ ನಗರದ ನಡುವೆ ಹರಿಯುವ ಪುಟ್ಟ ನದಿ. ಇಂದು ಅದರಲ್ಲಿ ಹೆಚ್ಚಾಗಿ ಹರಿಯುತ್ತಿರುವುದು ಕೊಳಚೆ ನೀರು.

ನಿಮ್ಮ ಊರಿನಲ್ಲಿ ಸ್ವಚ್ಛವಾಗಿ ಹರಿಯುವ ಹಳ್ಳವಿದ್ದರೆ, ಮಳೆಯಿಲ್ಲದ ದಿನ ಶಿಕ್ಷಕರೊಂದಿಗೆ ಹೋಗಿ. ಪಾದ ಮುಳುಗುವಷ್ಟೇ ನೀರಿರುವಲ್ಲಿ ಒಂದು ಕಲ್ಲನ್ನು ಮೆಲ್ಲಗೆ ತಿರುವಿ ಅಡಿಯನ್ನು ನೋಡಿ. ಬಾಲದಲ್ಲಿ ಎರಡು ಮೂರು ಎಳೆಗಳಿರುವ ಚಪ್ಪಟೆ ಕೀಟ ಕಂಡಿತೆ? ಮರಳಿನ ಪುಟ್ಟ ಕೊಳವೆ ಅಂಟಿಕೊಂಡಿದೆಯೆ? ಬಿಳಿ ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ ಅವುಗಳನ್ನು ನೋಡಿ, ಚಿತ್ರ ಬರೆದು, ಎಣಿಸಿ. ಬಳಿಕ ಅಲ್ಲಿಯೇ ಬಿಟ್ಟು, ಕಲ್ಲನ್ನು ಇದ್ದಂತೆಯೇ ಇಡಿ. ಮನೆಗೆ ಬಂದು ಸಾಬೂನಿನಿಂದ ಕೈ ತೊಳೆಯಿರಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಜಾಗದಲ್ಲಿ ಮತ್ತೆ ಎಣಿಸಿ. ಎರಡೂ ಲೆಕ್ಕಗಳನ್ನು ಹೋಲಿಸಿ ನೋಡಿದರೆ ನಿಮ್ಮ ಹಳ್ಳದ ಆರೋಗ್ಯ ನಿಮಗೇ ತಿಳಿಯುತ್ತದೆ.