ಗೆಳೆಯನ ಬೈಕು, ನಮ್ಮ ಬಿಲ್ಲು

ಹಾಸ್ಟೆಲ್ ಹಿಂದಿನ ತಿರುವಿನಲ್ಲಿ ಮರಳು ಬಿದ್ದಿತ್ತು, ಗೆಳೆಯನ ಬೈಕ್ ಸ್ಕಿಡ್ ಆಯ್ತು. ಹೆಡ್‌ಲೈಟ್ ಡೂಮ್, ಒಂದು ಇಂಡಿಕೇಟರ್, ಬ್ರೇಕ್ ಲಿವರ್ ಹೋದವು. "ಇನ್ಶೂರೆನ್ಸ್ ಇದೆ, ಬಿಡ್ರೋ" ಅಂದ ಅವನು. ಉಸ್ಸಪ್ಪಾ ಅಂದುಕೊಂಡೆವು.

ಪಾಲಿಸಿ ತೆಗೆದು ನೋಡಿದ್ರೆ ಕಥೆಯೇ ಬೇರೆ. ಬರೀ ಥರ್ಡ್ ಪಾರ್ಟಿ ಇದ್ದರೆ ಎದುರಿನವರಿಗಾದ ನಷ್ಟಕ್ಕೆ ಮಾತ್ರ ದುಡ್ಡು, ಸ್ವಂತ ಬೈಕಿಗೆ ಒಂದು ರೂಪಾಯಿಯೂ ಇಲ್ಲ. ಅವನದ್ದು ಕಾಂಪ್ರಹೆನ್ಸಿವ್, ಓಡಿಸಿದವರ ಹತ್ರ ಲೈಸೆನ್ಸ್ ಇದ್ದರೆ ಕ್ಲೇಮ್ ಮಾಡಬಹುದು. ಆದ್ರೆ ಜೀರೋ ಡೆಪ್ರಿಸಿಯೇಷನ್ ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಬೆಲೆ ಕಟ್. ಬಿದ್ದಾಗ ಮೊದಲು ಒಡೆಯೋದೇ ಪ್ಲಾಸ್ಟಿಕ್ ತಾನೇ!

ಇನ್ನೊಂದು ಪೆಟ್ಟು ನೋ ಕ್ಲೇಮ್ ಬೋನಸ್ಸಿನದು. ಕ್ಲೇಮ್ ಇಲ್ಲದೆ ಒಂದು ವರ್ಷ ಕಳೆದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ 20% ರಿಯಾಯಿತಿ, ಐದು ವರ್ಷಕ್ಕೆ 50%. ಒಂದು ಕ್ಲೇಮ್ ಮಾಡಿದರೆ ಸೊನ್ನೆ. ಈ ನಷ್ಟ ಗ್ಯಾರೇಜ್ ಬಿಲ್ಲಿನಲ್ಲಿ ಕಾಣಲ್ಲ. ಮುಂದಿನ ವರ್ಷ ಅವನ ಅಪ್ಪ ಪ್ರೀಮಿಯಂ ಕಟ್ಟುವಾಗ ಕಾಣುತ್ತೆ.

ಅದಕ್ಕೇ ಕ್ಲೇಮ್ ಬೇಡ, ನಾವೇ ಕೊಡ್ತೀವಿ ಅಂದೆವು. ಮೆಕ್ಯಾನಿಕ್ ಹೇಳಿದ್ದು 2,400 ರೂಪಾಯಿ. ಓಡಿಸಿದ್ದು ಒಬ್ಬ, ಹಿಂದೆ ಕೂತಿದ್ದು ಇನ್ನೊಬ್ಬ. ಸ್ವಲ್ಪ ಜಗಳ ಆಡಿಯೇ ಅರ್ಧರ್ಧ ಹಾಕಿದೆವು. ಟ್ಯಾಂಕಿನ ಮೇಲಿನ ಗೀರು ಮಾತ್ರ ಹಾಗೇ ಇದೆ. ಪೇಂಟ್ ಮಾಡಿಸೋಣ ಅಂದ್ರೆ "ಇರ್ಲಿ ಬಿಡ್ರೋ" ಅಂತಾನೆ.