ಸುಂಟರಗಾಳಿಯ ಎಚ್ಚರಿಕೆ ಮೊಳಗಿದಾಗ

ಅಮೆರಿಕದ ಓಕ್ಲಹೋಮಾ ರಾಜ್ಯದ ಮೂರ್ ಪಟ್ಟಣದಲ್ಲಿ 2013ರ ಮೇ 20ರಂದು ಬೀಸಿದ ಸುಂಟರಗಾಳಿಗೆ 24 ಜನರು ಬಲಿಯಾದರು. ಅವರಲ್ಲಿ 7 ಮಕ್ಕಳು ಒಂದೇ ಶಾಲೆಯವರು. ಆ ನಾಡಿನ ತರಬೇತಿ ಕೇಂದ್ರಗಳಿಗೆ ಮಕ್ಕಳನ್ನು ಕಳುಹಿಸಿರುವ ಸದ್ಭಕ್ತರು ಈ ವಿಷಯಗಳನ್ನು ಅವರಿಗೆ ತಿಳಿಸುವುದು ಒಳಿತು.

‘ವಾಚ್’ ಎಂದರೆ ಸುಂಟರಗಾಳಿಯ ಸಂಭವವುಂಟು, ಸಿದ್ಧರಾಗಿರಿ; ‘ವಾರ್ನಿಂಗ್’ ಎಂದರೆ ಅದು ಕಣ್ಣಿಗೋ ರಡಾರಿಗೋ ಕಂಡಿದೆ, ಕೂಡಲೇ ಆಶ್ರಯ ಸೇರಿರಿ. ನೆಲಮಾಳಿಗೆ ಉತ್ತಮ, ಇಲ್ಲದಿದ್ದರೆ ಕೆಳ ಅಂತಸ್ತಿನ ನಡುವಣ, ಕಿಟಕಿಯಿಲ್ಲದ ಕೋಣೆ. ವಿಶಾಲ ಛಾವಣಿಯ ಸಭಾಂಗಣ, ಭೋಜನಶಾಲೆ, ಕಾರು ಸಲ್ಲವು. ಹಾರಿಬರುವ ಚೂರುಗಳೇ ಘಾತಕವಾದುದರಿಂದ ಬಾಗಿ ಕುಳಿತು, ಕೈಗಳಿಂದ ತಲೆ, ಕುತ್ತಿಗೆಗಳನ್ನು ಮುಚ್ಚಿಕೊಳ್ಳಬೇಕು.

ರಕ್ತ ಸುರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಒತ್ತಿಹಿಡಿಯಬೇಕು. ಆಳಕ್ಕೆ ನಾಟಿದ ಚೂರನ್ನು ಕೀಳಬಾರದು. ಅರಿಶಿನ ಹಚ್ಚಿ ಸುಮ್ಮನಾಗದೆ, ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಅಂದೇ ಕಾಣಬೇಕು.